ಬಿ ಸೈಡಿನ ಕೊನೆಯ ಹಾಡು

ಟೇಪಣ್ಣ ಹಾಡುವುದಿಲ್ಲ. ಅಂಗಡಿಯಲ್ಲಿ ದಿನವಿಡೀ ಹಾಡು ಕೇಳಿಸುತ್ತಿದ್ದರೂ ಅವನು ಗುನುಗುವುದೂ ಇಲ್ಲ. ಅದೇ ಅಂಗಡಿಯ ಮೂಲೆಯಲ್ಲಿ ಹೊಲಿಗೆ ಮಷಿನ್ ಹಾಕಿಕೊಂಡಿರುವ ಅವನ ಹೆಂಡತಿ ಮದುವೆಯಾದ ಹೊಸತರಲ್ಲಿ ಎರಡು ಸಲ ಕಾರಣ ಕೇಳಿ, ಗಂಟಲು ಸರಿಯಿಲ್ಲವೇನೋ ಎಂದು ತಾನೇ ತೀರ್ಮಾನಿಸಿ ಸುಮ್ಮನಾದಳು. ಗಂಟಲಿಗೆ ಏನೂ ಆಗಿರಲಿಲ್ಲ. ಹದಿನೇಳನೆಯ ವಯಸ್ಸಿನಲ್ಲಿ ಮಾಡಿದ ಒಂದು ಕೆಲಸ ಅವನ ಬಾಯಿಗೆ ಬೀಗ ಹಾಕಿತ್ತು.

ಆಗ ಅಂಗಡಿ ಅವನ ಸೋದರಮಾವನದು. ಜನ ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದು ಕೊಡುತ್ತಿದ್ದರು, ಇವನು ಅವನ್ನು ಖಾಲಿ ಕ್ಯಾಸೆಟ್ಟಿಗೆ ತುಂಬಿಸುತ್ತಿದ್ದ. ಪಟ್ಟಿ ನೋಡಿಯೇ ಯಾರ ಪಾಡು ಏನೆಂದು ಹೇಳಿಬಿಡುತ್ತಿದ್ದ. ಬರೀ ಚಂದ್ರ, ಹೂವು, ಕಣ್ಣು ಇದ್ದರೆ ಈಗಷ್ಟೇ ಶುರುವಾಗಿದೆ. 'ಅವನಲ್ಲಿ ಏನು ಕಂಡೆ' ಎಂಬ ಧಾಟಿಯದು ನಡುವೆ ನುಸುಳಿದ್ದರೆ ಯಾರೋ ಅಡ್ಡ ಬಂದಿದ್ದಾನೆ. ಪೂರ್ತಿ ಕೈಕೊಟ್ಟವಳ ಹಾಡೇ ಆದರೆ ಪಾಪ, ಮುಗಿಯಿತು ಕಥೆ. ಆ ವಯಸ್ಸಿನ ಹಾಡುಗಳಲ್ಲಿ ಇರುವುದೇ ಮೂವರು: ಹಾಡುವವನು, ಅವಳು, ಮತ್ತೆ ಆ ಹಾಳಾದ ಇನ್ನೊಬ್ಬ. ಕೇಳುವ ಪ್ರತಿ ಹುಡುಗನೂ ಹಾಡುವವನು ತಾನೇ ಎಂದುಕೊಳ್ಳುತ್ತಾನೆ. ಆ ಇನ್ನೊಬ್ಬ ತಾನೇ ಇರಬಹುದೆಂದು ಯಾರಿಗಾದರೂ ಹೊಳೆದದ್ದುಂಟೇ?

ಟೇಪಣ್ಣನ ಪಾಲಿನ ಇನ್ನೊಬ್ಬ, ಸಂಜೆಯಾದರೂ ಕಪ್ಪು ಕನ್ನಡಕ ತೆಗೆಯದ ಸಹಪಾಠಿ ಗಾಗಲ್. ಇಬ್ಬರ ಕಣ್ಣೂ ತರಗತಿಯ ಎರಡು ಜಡೆಯ ಹುಡುಗಿಯ ಮೇಲಿತ್ತು. ಒಂದು ದಿನ ಗಾಗಲ್ ಪಟ್ಟಿ ತಂದು, "ಚೆನ್ನಾಗಿ ಮಾಡ್ಕೊಡೋ, ಅವಳಿಗೆ ಕೊಡೋದು" ಎಂದು ಹಲ್ಲು ಕಿರಿದ. ಟೇಪಣ್ಣನ ಹೊಟ್ಟೆಗೆ ಬೆಂಕಿ ಬಿತ್ತು. ಎಲ್ಲ ಹಾಡು ತುಂಬಿಸಿದ ಮೇಲೂ ಬಿ ಸೈಡಿನ ಕೊನೆಯಲ್ಲಿ ನಾಲ್ಕು ನಿಮಿಷ ಜಾಗ ಉಳಿಯಿತು. ಮಾವ ಊಟಕ್ಕೆ ಹೋದದ್ದೇ ತಡ, ಮೈಕು ಸಿಕ್ಕಿಸಿ, ಗಾಗಲ್‌ನ ಮೇಲೆ ತಾನೇ ಕಟ್ಟಿದ ಹಾಡನ್ನು ಹಾಡಿ ಸೇರಿಸಿಬಿಟ್ಟ. ಆ ಗಡಿಬಿಡಿಯಲ್ಲಿ ಮಾವ ಕಲಿಸಿದ ಕೊನೆಯ ಕೆಲಸ ಮರೆತ. ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಎರಡು ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿಯಬೇಕು. ಮುರಿದರೆ ಅದರ ಮೇಲೆ ಇನ್ನೊಬ್ಬರು ರೆಕಾರ್ಡ್ ಮಾಡಲಾಗುವುದಿಲ್ಲ.

ತಿಂಗಳೊಳಗೆ ಹುಡುಗಿಯ ಮನೆಯವರು ಊರು ಬಿಟ್ಟರು. ಗಾಗಲ್ ಗಡ್ಡ ಬಿಟ್ಟುಕೊಂಡು ಅಲೆದ, ಆಮೇಲೆ ಅವನೂ ಕೆಲಸ ಹುಡುಕಿಕೊಂಡು ಹೋದ. ತನ್ನ ಹಾಡೇ ಅವರಿಬ್ಬರನ್ನೂ ದೂರ ಮಾಡಿತೆಂದು ಟೇಪಣ್ಣ ನಂಬಿದ. ಎರಡು ಜೀವ ಹಾಳು ಮಾಡಿದ ಪಾಪಿ ನಾನು ಎಂಬ ಕೊರಗು ಮೂವತ್ತು ವರ್ಷ ಅವನನ್ನು ತಿಂದಿತು. ಯಾರ ಹತ್ತಿರ ಹೇಳಿಕೊಳ್ಳುತ್ತಾನೆ?

ಹೀಗಿರುವಾಗ ಒಂದು ಬೆಳಿಗ್ಗೆ, ಜಡೆ ಹೋಗಿ ಗಿಡ್ಡ ಕೂದಲಾದ ಅದೇ ಹುಡುಗಿ, ಐವತ್ತರ ಹತ್ತಿರದ ಹೆಂಗಸಾಗಿ ಅಂಗಡಿಗೆ ಬಂದು ಅದೇ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟಳು.

"ಪೆನ್‌ಡ್ರೈವ್‌ಗೆ ಹಾಕ್ಕೊಡಿ. ಎರಡೂ ಸೈಡು."

"ನಾಳೆ ಬನ್ನಿ, ಮಾಡಿಟ್ಟಿರ್ತೀನಿ" ಎಂದ ಟೇಪಣ್ಣ. ನಾಳೆಯೊಳಗೆ ಕೊನೆಯ ತುಣುಕನ್ನು ಕತ್ತರಿಸಿಬಿಡಬಹುದಲ್ಲ.

"ಸಂಜೆ ಬಸ್ಸಿಗೆ ಹೊರಡ್ಬೇಕು. ಇಲ್ಲೇ ಕೂತಿರ್ತೀನಿ."

ಕ್ಯಾಸೆಟ್ ಎಷ್ಟು ಹೊತ್ತಿನದೋ ಅಷ್ಟು ಹೊತ್ತು ಓಡಿಸಿಯೇ ತೆಗೆಯಬೇಕು, ಬೇರೆ ದಾರಿಯಿಲ್ಲ. ಒಂದು ಗಂಟೆ ಅವನು ಮುಳ್ಳಿನ ಮೇಲೆ ಕೂತ. ಹೆಂಡತಿ ಬಂದವಳಿಗೆ ಟೀ ಕೊಟ್ಟು, ರವಿಕೆಯ ಅಳತೆಯ ಮಾತು ತೆಗೆದಳು. ಬಿ ಸೈಡಿನ ಕೊನೆಯ ಪ್ರೇಮಗೀತೆ ಮುಗಿಯಿತು. ಟೇಪಣ್ಣನ ಬೆರಳು ಸ್ಟಾಪ್ ಬಟನ್ನಿಗೆ ಹೋಯಿತು.

"ನಿಲ್ಲಿಸ್ಬೇಡಿ, ಇನ್ನೂ ಇದೆ."

ಟೇಪು ಕರಕರ ಎಂದಿತು. ಆಮೇಲೆ ಕೇಳಿಸಿದ್ದು ಒಂದು ಮಗುವಿನ ತೊದಲು: "ಒಂದು, ಎಲಡು, ನಾಕು..." ಹಿಂದೆ ಒಬ್ಬ ಗಂಡಸು ನಗುತ್ತಾ, "ಮೂರೆಲ್ಲಿ ಹೋಯ್ತು ಮಗಳೇ?" ಎನ್ನುತ್ತಿದ್ದ. ಆ ದನಿ ಗಾಗಲ್‌ನದು.

"ಮಗಳು ಮಾತು ಕಲಿತಾಗ ಇದರ ಮೇಲೇ ರೆಕಾರ್ಡ್ ಮಾಡಿದ್ವಿ. ಈಗ ಅವಳಿಗೇ ಮಗು. ಕೇಳಿಸ್ಬೇಕು ಅಂತ ಆಸೆ."

"ನೀವಿಬ್ರೂ... ಮದುವೆ?"

"ಅಪ್ಪನಿಗೆ ಬೇರೆ ಊರಿಗೆ ವರ್ಗ ಆಯ್ತು ಅಂತ ಹೋದ್ವಿ, ಅಷ್ಟೇ. ಇವ್ರು ಹುಡುಕ್ಕೊಂಡು ಬಂದ್ರು" ಎಂದಳು ಅವಳು. ಟೇಪಣ್ಣನ ಮೂವತ್ತು ವರ್ಷದ ಭಾರ ಒಂದೇ ಮಾತಿಗೆ ಇಳಿಯಿತು. ಅವತ್ತು ಆ ಎರಡು ಹಲ್ಲು ಮುರಿಯದೆ ಬಿಟ್ಟದ್ದೇ ಒಳ್ಳೆಯದಾಯಿತು.

"ಅಲ್ಲಿ ಮೊದಲು ಬೇರೆ ಹಾಡಿತ್ತು" ಎಂದಳು ಅವಳು, ನಗು ತಡೆದುಕೊಳ್ಳುತ್ತಾ. "ನಿಮ್ಮ ದನಿ ಅಂತ ಇವ್ರು ಮೊದಲ ಸಾಲಿಗೇ ಹೇಳಿದ್ರು. ಎಷ್ಟು ನಕ್ಕಿದೀವಿ ಗೊತ್ತಾ? ಜಗಳ ಆದಾಗೆಲ್ಲ ಅದನ್ನೇ ಹಾಕೋದು, ಕೋಪ ಅಲ್ಲೇ ಹೋಗೋದು. ಅಳಿಸಿದ್ದಕ್ಕೆ ಅವ್ರಿಗೆ ಇವತ್ತಿಗೂ ಬೇಜಾರು. ನೆನಪಿದ್ರೆ ಒಂದ್ಸಲ ಹಾಡಿಸ್ಕೊಂಡು ಬಾ ಅಂದಿದಾರೆ."

ಟೇಪಣ್ಣನ ಮುಖ ಕೆಂಪಾಯಿತು. ಅಷ್ಟು ವಿಷ ಬೆರೆಸಿ ಕಟ್ಟಿದ ಹಾಡಿಗೆ ನಕ್ಕರಂತೆ! ಒಂದು ಗಳಿಗೆ ಅವಮಾನವೂ ಆಯಿತು. ಹೊಲಿಗೆ ಮಷಿನ್ ನಿಂತಿತ್ತು, ಹೆಂಡತಿ ಇವನನ್ನೇ ನೋಡುತ್ತಿದ್ದಳು. ಅವನು ಮೈಕು ಸಿಕ್ಕಿಸಿದ, ಗಂಟಲು ಸರಿಮಾಡಿಕೊಂಡ, ಕಣ್ಣು ಮುಚ್ಚಿ ಶುರು ಮಾಡಿದ:

"ಕಪ್ಪು ಕನ್ನಡಕದ ಹಿಂದೆ ಕಪಟ ಕಣ್ಣು ಎರಡು,
ನಂಬಬೇಡ ಚೆಲುವೆ ಅವನ, ನನ್ನ ಬಾಳು ಬರಡು..."

ಒಂದು ಅಕ್ಷರವೂ ಮರೆತಿರಲಿಲ್ಲ. ಎರಡು ಜಡೆಯವಳು ಕಣ್ಣೊರೆಸಿಕೊಂಡು ನಗುತ್ತಿದ್ದಳು. ಹಾಡು ಮುಗಿದಾಗ ಹೆಂಡತಿ ಸೂಜಿಗೆ ದಾರ ಪೋಣಿಸುತ್ತಾ ಹೇಳಿದಳು:

"ಗಂಟಲು ಚೆನ್ನಾಗೇ ಇದೆಯಲ್ರೀ. ನಾಳೆಯಿಂದ ನನಗೂ ಒಂದು ಹಾಡಿ. ಆದ್ರೆ ಇದು ಬೇಡ."