ನನ್ನ ಎಡಗಿವಿ

ನನ್ನ ಎಡಗಿವಿ ಕೇಳಿಸುವುದಿಲ್ಲ. ಗೆಳೆಯರಿಗೆಲ್ಲ ಇದು ಗೊತ್ತು. ಕರೆದಾಗ ತಿರುಗದಿದ್ದರೆ "ಲೇ ಕಿವುಡಾ" ಅಂತ ಬಲಗಡೆಗೆ ಬಂದು ಕೂಗುತ್ತಾರೆ. ಹೇಗೆ ಹೋಯಿತು ಅಂತ ಮಾತ್ರ ಒಬ್ಬರೂ ಕೇಳಿರಲಿಲ್ಲ. ನಾನಾಗಿಯೇ ಹೇಳಿದ್ದು ಐವತ್ತು ದಾಟಿದ ಮೇಲೆ, ಹೋದ ವರ್ಷ, ನಲ್ಲಂಪಳ್ಳಿಯ ಒಂದು ಟೀ ಅಂಗಡಿಯಲ್ಲಿ.

ಪೆನ್ನಾಗರಂ ಕಡೆಯ ನಮ್ಮ ಹಳೇ ಶಾಲೆಯ ವಾಟ್ಸಾಪ್ ಗುಂಪಿನವರು ಲೆಕ್ಕದ ಸಾರ್‌ಗೆ ಸನ್ಮಾನ ಇಟ್ಟುಕೊಂಡಿದ್ದರು. ಸೇಲಂನಿಂದ ಮೂವರು ಒಂದೇ ಕಾರಿನಲ್ಲಿ ಹೊರಟೆವು: ಹೆಡ್ಮಾಸ್ಟರಾಗಿರುವ ಗೆಳೆಯ, ಟೈರ್ ಅಂಗಡಿ ಇಟ್ಟಿರುವ ಗೆಳೆಯ, ನಾನು. ದಾರಿಯುದ್ದಕ್ಕೂ ಇಬ್ಬರದೂ ಸಾರ್ ಗುಣಗಾನವೇ. ಟೀ ಕುಡಿಯಲು ಇಳಿದಾಗ ಹೇಳಿಯೇಬಿಟ್ಟೆ, ನನ್ನ ಕಿವಿ ತೆಗೆದದ್ದು ಅವರೇ ಅಂತ.

ಏಳನೇ ಕ್ಲಾಸು. ಮಗ್ಗಿ ಒಪ್ಪಿಸಲು ನನ್ನನ್ನು ಎದ್ದು ನಿಲ್ಲಿಸಿದ್ದರು. ಅಪ್ಪ ಕುರಿ ಎಣಿಸುತ್ತಾ ನನಗೆ ಮಗ್ಗಿ ಕಲಿಸಿದ್ದು ಕನ್ನಡದಲ್ಲಿ, ಶಾಲೆಯಲ್ಲೆಲ್ಲ ತಮಿಳು. ತಲೆಯೊಳಗೆ ಕನ್ನಡದಲ್ಲಿ ಗುಣಿಸಿ ಬಾಯಲ್ಲಿ ತಮಿಳು ಹೇಳುವುದು ನಮ್ಮಂಥ ಮಕ್ಕಳಿಗೆ ಅಭ್ಯಾಸ. ಅವತ್ತು ಭಯಕ್ಕೆ ಅದು ಮರೆತು, ಏಳೆಂಟ್ಲ ಐವತ್ತಾರು ಅಂದುಬಿಟ್ಟೆ. ಕ್ಲಾಸೆಲ್ಲ ನಕ್ಕಿತು. ಸಾರ್ ಕೆನ್ನೆಗೆ ಬೀಸಿದ ಏಟು ಕಿವಿಗೆ ಬಿತ್ತು. ವಾರವೆಲ್ಲ ಗುಂಯ್ ಅಂದು, ಕೀವು ಸೋರಿ, ಆಮೇಲೆ ಕಿವಿ ಸುಮ್ಮನಾಯಿತು. ಮನೆಯಲ್ಲಿ ಬಿದ್ದೆ ಅಂತ ಹೇಳಿದ್ದೆ. ಮುಂದೆ ಪೊಲೀಸ್ ಸೆಲೆಕ್ಷನ್ನಿನಲ್ಲಿ ಓಟ, ಹಗ್ಗ ಹತ್ತುವುದು ಎಲ್ಲ ಪಾಸಾಗಿ ಕಿವಿಯಲ್ಲಿ ಫೇಲಾದೆ.

ಟೈರಿನವನು ಲೋಟ ಕೆಳಗಿಟ್ಟ. "ಅವ್ರೂ ಮನೇಲಿ ಕನ್ನಡ ಮಾತಾಡೋರೇ ಅಲ್ವಲಾ? ಕನ್ನಡ ಅಂದಿದ್ಕೆ ಒಡೀತಾರಾ?"

"ಅದ್ಕೇ ಒಡುದ್ರು," ಅಂದೆ. ಶಾಲೆಯಲ್ಲಿ ಅವರ ಬಾಯಿಂದ ಒಂದು ಕನ್ನಡದ ಮಾತು ಕೇಳಿದವರಿಲ್ಲ.

"ನಾನೂ ಅದೇ ಕ್ಲಾಸಲ್ಲಿದ್ನಲ್ಲ, ನಂಗ್ಯಾಕೆ ಗ್ಯಾಪ್ಕ ಇಲ್ಲ?" ಅಂದ ಹೆಡ್ಮಾಸ್ಟರು. "ದಿನಾ ಎಲ್ರೂ ಏಟು ತಿಂತಿದ್ವಿ. ನಮ್ ಕಿವಿ ನೆಟ್ಟಗೇ ಐತಲ್ಲ. ನಿಂಗೆ ಮೊದ್ಲೇ ಏನೋ ಇದ್ದಿರ್ಬೇಕು. ವಿಡುಡಾ, ಬಿಟ್ಬಿಡು, ವಯಸ್ಸಾದೋರ ಮ್ಯಾಲೆ ಈಗ್ಯಾಕೆ?"

ಅವನನ್ನು ಸಾರ್ ತಮ್ಮ ಸೈಕಲ್ಲಿನಲ್ಲೇ ಕೂರಿಸಿಕೊಂಡು ಧರ್ಮಪುರಿಗೆ ಪರೀಕ್ಷೆ ಬರೆಸಲು ಕರೆದೊಯ್ದಿದ್ದರು. ಅದೂ ನಿಜವೇ. ನಾನು ಬೇಕಂತ ಸುಳ್ಳು ಹೇಳುತ್ತಿದ್ದೇನೆ ಅಂದಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ನನ್ನ ಕಿವಿಯ ಕಥೆ ನನಗೇ ಗೊತ್ತಿಲ್ಲ ಅನ್ನುವಂತೆ ಮಾತಾಡಿದ್ದಕ್ಕೆ ಮೈಯೆಲ್ಲ ಉರಿಯಿತು. ಅವತ್ತು ನಕ್ಕವರಲ್ಲಿ ನೀನೂ ಒಬ್ಬ ಅಂತ ಅವನ ಮುಖಕ್ಕೇ ಹೇಳಬೇಕಿತ್ತು. ಬಸ್ ಹತ್ತಿ ವಾಪಸ್ ಹೋಗುತ್ತೇನೆ ಅಂದೆ. ನಿನ್ನ ಬಿಟ್ಟು ಹೋಗುವುದೇ ಇಲ್ಲ ಅಂತ ಇಬ್ಬರೂ ನನ್ನನ್ನು ಕಾರಿಗೆ ತಳ್ಳಿದರು.

ಶಾಲೆಯ ಅಂಗಳದಲ್ಲಿ ಶಾಮಿಯಾನ, ಮೈಕು, ಕಿವಿ ಹರಿಯುವ ಹಾಡು. ಎಂಬತ್ತು ದಾಟಿದ ಸಾರ್ ವೇದಿಕೆಯ ಮೇಲೆ ಕುರ್ಚಿಯಲ್ಲಿ ಕುಗ್ಗಿ ಕೂತಿದ್ದರು. ಒಬ್ಬೊಬ್ಬರೇ ಹೋಗಿ ಕಾಲಿಗೆ ಬೀಳುತ್ತಿದ್ದರು. ಬೀಳಬಾರದು ಅಂತ ಗಟ್ಟಿ ಮಾಡಿಕೊಂಡಿದ್ದೆ. ಹೆಡ್ಮಾಸ್ಟರು ಹಿಂದಿನಿಂದ ತಿವಿದಾಗ ಸುಮ್ಮನೆ ಕೈ ಮುಗಿದು ಹೆಸರು, ಯಾವ ವರ್ಷ ಅಂತ ಹೇಳಿದೆ. ಸಾರ್ ಹತ್ತಿರ ಬಾ ಅಂತ ಕೈಮಾಡಿದರು. ಬಗ್ಗಿದೆ. ಅವರ ಬಾಯಿಯ ಹತ್ತಿರಕ್ಕೆ ಬಂದದ್ದು ನನ್ನ ಎಡಗಿವಿ. ಅವರು ನನ್ನ ಗದ್ದ ಹಿಡಿದು ಮುಖವನ್ನು ಆ ಕಡೆಗೆ ತಿರುಗಿಸಿ, ಬಲಗಿವಿಗೆ ಬಾಯಿಟ್ಟು ಕನ್ನಡದಲ್ಲಿ ಕೇಳಿದರು: "ಹೆಂಗಿದೀಯಪ್ಪಾ?"

ಶಾಲೆ ಬಿಟ್ಟ ಮೇಲೆ ನಾನು ಅವರನ್ನು ನೋಡಿದ್ದು ಅವತ್ತೇ. ಯಾವ ಕಿವಿ ಅಂತ ಅವರಿಗೆ ಹೇಳಿದವರಿಲ್ಲ. ಗೆಳೆಯರು ತಾವೇ ನಂಬದ್ದನ್ನು ಯಾಕೆ ಹೇಳುತ್ತಾರೆ? ಇಷ್ಟು ವರ್ಷವೂ ಅವರಿಗೆ ಗೊತ್ತಿತ್ತು.

ಕೆಳಗಿಳಿದಾಗ ಹೆಡ್ಮಾಸ್ಟರು ಓಡಿ ಬಂದ. "ಏನಂದ್ರುಲಾ?"

"ಹೆಂಗಿದೀಯ ಅಂದ್ರು."

"ನೋಡ್ದಾ, ಎಂಥಾ ಮನ್ಸ!" ಅಂದ.

ನನಗೆ ಅಳು ಒತ್ತಿಕೊಂಡು ಬಂತು. ಅವನು ಅದನ್ನು ಗುರುಭಕ್ತಿ ಅಂದುಕೊಂಡು ನನ್ನ ಬೆನ್ನು ತಟ್ಟಿದ.