ದುಗ್ಗಮ್ಮ ಉರುಳಿಸಿದ ಮುಳಿಹುಲ್ಲು

ಇಚಿಲಂಪಾಡಿಯ ದುಗ್ಗಮ್ಮನಿಗೆ ಸಿಟ್ಟು ಬಂದರೆ ಮಾತು ನಿಲ್ಲುತ್ತಿತ್ತು. ಬೈದಾಡುವ ಹೆಂಗಸಿಗೆ ಯಾರೂ ಹೆದರುವುದಿಲ್ಲ. ದುಗ್ಗಮ್ಮ ಸುಮ್ಮನಾದಳೆಂದರೆ ನಾಯಿಯೂ ಅಂಗಳ ಬಿಟ್ಟು ಹೋಗುತ್ತಿತ್ತಂತೆ.

ಐವತ್ತೆಂಟನೇ ಇಸವಿಯ ಚಳಿಗಾಲದ ಹೊತ್ತಿಗೆ ಅವಳ ಗಂಡ ಬೆಳ್ಯಪ್ಪ ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ಗಂಡನ ಅಣ್ಣ ಕುಕ್ಕಪ್ಪನದು ಹಂಚಿನ ಮನೆ. ಒಂಟಿ ಹೆಂಗಸಿಗೆ ಬೇರೆ ಒಲೆ ಯಾಕೆ, ನಮ್ಮಲ್ಲಿಗೆ ಬಾ, ಹಟ್ಟಿಯಲ್ಲಿ ಕೆಲಸ ಉಂಟು ಎಂದು ಬಂದಾಗಲೆಲ್ಲ ಹೇಳುತ್ತಿದ್ದ. ಸೆಗಣಿ ಬಾಚಿ, ಉಳಿದದ್ದು ಉಂಡು ಬಿದ್ದಿರುವ ಕೆಲಸ ಅದು. ಅವಳ ಒಲೆ ಉಳಿಯಬೇಕಾದರೆ ಮಳೆಗೆ ಮೊದಲು ಮನೆಯ ಮಾಡಿಗೆ ಹೊಸ ಮುಳಿಹುಲ್ಲು ಹೊದೆಸಬೇಕಿತ್ತು. ಹಳೆಯದು ಮುಟ್ಟಿದರೆ ಪುಡಿಯಾಗುತ್ತಿತ್ತು.

ಮುಳಿಹುಲ್ಲು ಬೆಳೆಯುವುದು ಕರಿಪಾದೆಯ ನೆತ್ತಿಯ ಸುತ್ತ. ಆನೆ ಮಲಗಿದ ಹಾಗೆ ಬಿದ್ದಿರುವ ಬೋಳು ಕಲ್ಲಿನ ಗುಡ್ಡ ಅದು. ಯಾರು ಮೊದಲು ಹೋಗಿ ಗುರುತಿಗೆ ಕಾಸರಕ ಮರದ ಗೆಲ್ಲು, ಅಂದರೆ ಒಂದು ಕೊಂಬೆ, ಕಟ್ಟುತ್ತಾರೋ ಅಲ್ಲಿಯ ಹುಲ್ಲು ಅವರದು. ಗೆಲ್ಲು ಕಂಡ ಮೇಲೆ ಬೇರೆಯವರು ಕತ್ತಿ ಇಡುವುದಿಲ್ಲ. ದುಗ್ಗಮ್ಮ ಕಟ್ಟಿದ್ದ ಗೆಲ್ಲನ್ನು ಕುಕ್ಕಪ್ಪ ಕಿತ್ತೆಸೆದು, ಆಳುಗಳಿಂದ ಹುಲ್ಲು ಕೊಯ್ಸಿ, ಪಾದೆಯ ಮೇಲೆ ಒಣಗಲು ಹರಡಿಸಿದ. ಅವಳು ಪಟೇಲರಲ್ಲಿಗೆ ಹೋದಳು. ಅವರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ, ಗಂಡ ಹೋದ ಮೇಲೆ ಗೆಲ್ಲು ಕಟ್ಟುವ ಹಕ್ಕು ಅವನ ಅಣ್ಣನದೇ ಎಂದುಬಿಟ್ಟರು. ಹಂಚಿನ ಮನೆಯವನಿಗೆ ಹುಲ್ಲು ಯಾಕೆಂದು ಕೇಳಲಿಲ್ಲ.

ದುಗ್ಗಮ್ಮ ಸುಮ್ಮನಾದಳು.

ಹುಲ್ಲು ಒಣಗುವವರೆಗೆ ಕಾದಳು. ಆಳುಗಳು ಅದನ್ನು ಕಟ್ಟು ಕಟ್ಟಿ, ನೆತ್ತಿಯಲ್ಲೇ ಬಿಟ್ಟು ಇಳಿದ ಮರುದಿನ, ನಸುಕಿಗೇ ಹೊರಟಳು. ಕಲ್ಲು ಸತ್ತವರ ಕಾಲಿನಷ್ಟು ತಣ್ಣಗಿತ್ತು. ಇಬ್ಬನಿಗೆ ಜಾರುತ್ತಿತ್ತು. ಸೀರೆ ಎತ್ತಿ ಸಿಕ್ಕಿಸಿಕೊಂಡು, ಏಡಿಯ ಹಾಗೆ ಕೈಕಾಲೂರಿ ಹತ್ತಿದಳು. ಬಾಯಲ್ಲಿ ಉಸಿರು ಬಿಟ್ಟರೆ ಬೇರೆ ಶಬ್ದವಿಲ್ಲ. ಅರ್ಧದಲ್ಲಿ ಅವಳದೇ ಗೆಲ್ಲು ಬಾಡಿ ಬಿದ್ದಿತ್ತು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅಷ್ಟು ಕಡಿದಾದ ಕಲ್ಲಿನಲ್ಲಿ ಹುಲ್ಲನ್ನು ಯಾರೂ ಹೊತ್ತು ಇಳಿಸುವುದಿಲ್ಲ, ಉರುಳಿಸುತ್ತಾರೆ. ಮೂಡಕ್ಕೆ ಉರುಳಿಸಿದರೆ ಕುಕ್ಕಪ್ಪನ ಗದ್ದೆ, ಪಡುವಕ್ಕೆ ಉರುಳಿಸಿದರೆ ದುಗ್ಗಮ್ಮನ ಅಂಗಳ. ಅವಳು ಪಡುವಕ್ಕೆ ನಿಂತು ಒಂದೊಂದೇ ಕಟ್ಟನ್ನು ಒದ್ದಳು.

ಬಿಸಿಲೇರುವಾಗ ಕುಕ್ಕಪ್ಪ ಆಳುಗಳೊಂದಿಗೆ ಏದುಸಿರು ಬಿಡುತ್ತಾ ಬಂದ. ಕೊನೆಯ ಕಟ್ಟು ಅವನ ಕಣ್ಣೆದುರೇ ಹೋಯಿತು.

"ಎಂತ ಮಾಡುದು ನೀನು? ಕೊಯ್ಸಿದ್ದು ನಾನು."

"ಚಂದ ಕೊಯ್ಸಿದ್ದೀರಿ ಭಾವ. ಕಟ್ಟೂ ಗಟ್ಟಿ ಉಂಟು. ಬೇಕಾದ್ರೆ ಹೊತ್ತುಕೊಂಡು ಬನ್ನಿ."

ಪಡುವಕ್ಕೆ ಗಾಡಿದಾರಿಯಿಲ್ಲ, ಹುಲ್ಲು ವಾಪಸು ಬರಬೇಕಾದರೆ ಇದೇ ಕಲ್ಲು ಹತ್ತಬೇಕು. ಕುಕ್ಕಪ್ಪ ಆಳುಗಳ ಮುಖ ನೋಡಿದ. ಡೊಂಬಯ್ಯ ಎಂಬವ ಬೈರಾಸಿನಲ್ಲಿ ಬಾಯಿ ಒರೆಸಿಕೊಂಡ. "ನಾವು ಇಳಿಸ್ಲಿಕ್ಕೆ ಬಂದದ್ದು ಧಣಿ, ಹತ್ತಿಸ್ಲಿಕ್ಕೆ ಅಲ್ಲ."

ಕೆಳಗೆ ನೆರೆಮನೆಯ ಜೈನಬಮ್ಮ ಕಟ್ಟುಗಳನ್ನು ಒಟ್ಟುತ್ತಿದ್ದಳು. "ಮಳೆಗೆ ಮೊದಲು ಮಾಡೇ ಇಳಿದು ಬಂತಲ್ಲ ಮಾರಾಯ್ತಿ" ಎಂದಳು. ದುಗ್ಗಮ್ಮ ನಗಲಿಲ್ಲ. ನಗುವಷ್ಟು ಸಿಟ್ಟು ಇಳಿದಿರಲಿಲ್ಲ.

ಹೊಸ ಮಾಡಿನ ತುದಿಗೆ ಅವಳು ಆ ಒಣಗಿದ ಗೆಲ್ಲನ್ನೇ ಕಟ್ಟಿದಳು. ಕುಕ್ಕಪ್ಪ ಮತ್ತೆ ಆ ದಾರಿಯಲ್ಲಿ ಬಂದದ್ದುಂಟು. ಗೆಲ್ಲು ನೋಡಿ, ಅಂಗಳಕ್ಕೆ ಕಾಲಿಡದೆ ಹೋದ.