ಪುಕ್ಕಟೆ ಬು ತೊಳೆದ ಕ್ಯಾಸೆಟ್ಟು

ಪುಕ್ಕಟೆಗೆ ಆಸೆಪಟ್ಟವನ ತಲೆ ಬೋಳಾಗುತ್ತದೆ ಎಂದು ಕೊರಿಯಾದಲ್ಲಿ ಒಂದು ಮಾತಿದೆ. ನಮ್ಮ ಜೇಜು ದ್ವೀಪದ ಬು ಗಿಲ್‌ಹ್ವಾನರನ್ನು ಕಂಡವರು ಅದನ್ನು ಅಲ್ಲಗಳೆಯುವಂತಿರಲಿಲ್ಲ. ಅವರ ತಲೆ ದಂಡೆಯ ಕಲ್ಲಿನ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಮೀನುಗಾರರ ಸಹಕಾರ ಸಂಘದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಕಂಪ್ಯೂಟರು ಕಲಿತರು. ಆಮೇಲೆ ಅಂತರ್ಜಾಲದಲ್ಲಿ ಕಾಸಿಲ್ಲದೆ ಸಿಗುವ ವಿಚಿತ್ರ ತಾಣಗಳನ್ನು ಹುಡುಕುವುದೇ ಅವರ ಕೆಲಸವಾಯಿತು. ಊರ ಹಿರಿಯರು ಸೇರುವ ಮನೆಯ ಬೆಚ್ಚನೆಯ ನೆಲದ ಮೇಲೆ ಕೂತು, ಹೊಸದಾಗಿ ಸಿಕ್ಕಿದ್ದನ್ನು ಎಲ್ಲರಿಗೂ ತೋರಿಸುತ್ತಿದ್ದರು. ನಾವು ಅವರಿಗೆ ಪುಕ್ಕಟೆ ಬು ಎಂದೇ ಹೆಸರಿಟ್ಟಿದ್ದೆವು.

ಭೂಗೋಳವನ್ನು ತಿರುಗಿಸಿ ಯಾವುದಾದರೂ ಊರಿನ ಮೇಲೆ ಬೆರಳಿಟ್ಟರೆ ಆ ಊರಿನ ರೇಡಿಯೊ ಹಾಡತೊಡಗುವ ತಾಣವೊಂದು. ಹಕ್ಕಿಯ ಕೂಗು ಕೇಳಿಸಿದರೆ ಅದರ ಹೆಸರು ಹೇಳುವುದು ಇನ್ನೊಂದು. ನನ್ನ ಮನೆತನದ ವಂಶಾವಳಿಯ ಹಳೆಯ ಚೀನೀ ಅಕ್ಷರಗಳನ್ನು ಓದಿಸಿಕೊಟ್ಟವರೂ ಅವರೇ. ಶಾಲೆಯಲ್ಲಿ ಪಾಠ ಹೇಳುತ್ತಾ ಆಯುಷ್ಯ ಕಳೆದ ನನಗೇ ಅವು ಬರುತ್ತಿರಲಿಲ್ಲ.

ಉಸಿರು ಕಟ್ಟಿ ಸಮುದ್ರಕ್ಕಿಳಿದು ಚಿಪ್ಪು ಹೆಕ್ಕುವ ಮುಳುಗುಗಾರ್ತಿಯಾಗಿದ್ದ ಸೊಂಗ್ ಅಜ್ಜಿ ಕಾಲು ನೀವಿಕೊಳ್ಳುತ್ತಾ ಕೇಳುತ್ತಿದ್ದಳು: "ಏ ಬು, ಮಂಡಿನೋವು ತೆಗೆಯೋ ತಾಣ ಇಲ್ವೇನೋ?"

"ಇದೆ ಸಾಮ್‌ಚುನ್. ಆದ್ರೆ ಅದಕ್ಕೆ ದುಡ್ಡು ಕೇಳ್ತಾರೆ."

"ಹಾಗಾದ್ರೆ ಬೇಡ ಬಿಡು. ನೋವೇ ಪುಕ್ಕಟೆ."

ನಮ್ಮಲ್ಲಿ ಹಿರಿಯರನ್ನು, ಗಂಡಾಗಲಿ ಹೆಣ್ಣಾಗಲಿ, ಸಾಮ್‌ಚುನ್ ಎಂದೇ ಕರೆಯುವುದು.

ಒಂದು ದಿನ ಮಲ್‌ಸುನ್ ಅಲ್ಲಿಗೆ ಬಂದಳು. ನನ್ನ ಶಿಷ್ಯೆ, ಬಂದರಿನಲ್ಲಿ ಶಾವಿಗೆಯ ಅಂಗಡಿ ನಡೆಸುವವಳು. ಅವಳು ಒಂದನೆಯ ತರಗತಿಯಲ್ಲಿದ್ದಾಗ ಅವಳ ತಾಯಿ ಕಪ್ಪೆಚಿಪ್ಪಿಗಾಗಿ ಮುಳುಗಿದವಳು ಮೇಲೆ ಬರಲಿಲ್ಲ. ಮಾರನೆಯ ದಿನವೂ ಆ ಮಗು ಶಾಲೆಯ ಕಿಟಕಿಯಿಂದ ಸಮುದ್ರವನ್ನೇ ನೋಡುತ್ತಾ ಕೂತಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ತಂದೆಯೂ ಹೋಗಿ ಬಹಳ ಕಾಲವಾಯಿತು.

ಅವಳ ಕೈಯಲ್ಲಿ ಒಂದು ಕ್ಯಾಸೆಟ್ಟು ಇತ್ತು. ಜಪಾನಿನ ಒಸಾಕಾದಲ್ಲಿದ್ದ ತನ್ನ ಅಣ್ಣನಿಗೆ ಅವಳ ತಂದೆ ಕಡಲತಡಿಯ ಬಂಡೆಯ ಮೇಲೆ ಕೂತು ಮಾತಾಡಿ ಕಳಿಸಿದ್ದು. ಆ ದೊಡ್ಡಪ್ಪ ತೀರಿಕೊಂಡ ಮೇಲೆ ಮಕ್ಕಳು ಹಿಂದಕ್ಕೆ ಕಳಿಸಿದ್ದರು.

"ಸಾಮ್‌ಚುನ್, ಇದನ್ನ ಕೇಳೋ ಹಾಗೆ ಮಾಡ್ಕೊಡಿ. ಅಪ್ಪ ಮಾತಾಡುವಾಗ ನಾನು ಪಕ್ಕದಲ್ಲೇ ಇದ್ದೆ. ಇದ್ರಲ್ಲಿ ಅಮ್ಮನೂ ಇದಾಳೆ."

ಬು ಅದನ್ನು ತಮ್ಮ ಹಳೆಯ ಯಂತ್ರಕ್ಕೆ ಹಾಕಿ ಕಂಪ್ಯೂಟರಿಗೆ ಇಳಿಸಿಕೊಂಡರು. ಆ ಒಂದು ಸುತ್ತಿಗೇ ಕ್ಯಾಸೆಟ್ಟಿನೊಳಗಿನ ಪಟ್ಟಿಯ ಮೇಲಿನ ಕಂದು ಲೇಪ ಪುಡಿಪುಡಿಯಾಗಿ ಉದುರಿಹೋಯಿತು. ಆದರೂ ಅವರು ಚಿಂತಿಸಲಿಲ್ಲ, ದನಿ ಕಂಪ್ಯೂಟರಿನಲ್ಲಿತ್ತಲ್ಲ. ಕಿವಿಗೊಟ್ಟು ಕೇಳಿದರು. ತಂದೆಯ ಮಾತು, ಗಾಳಿ, ಅಲೆ. ಹೆಂಗಸಿನ ಮಾತು ಎಲ್ಲಿಯೂ ಕೇಳಿಸಲಿಲ್ಲ. ಗದ್ದಲದ ಅಡಿಯಲ್ಲಿ ಹೂತುಹೋಗಿರಬೇಕು, ಅಗೆದು ತೆಗೆಯೋಣ ಎಂದುಕೊಂಡರು. ಗದ್ದಲವನ್ನು ತೊಳೆದುಕೊಡುವ ತಾಣವೊಂದು ಅವರಿಗೆ ಗೊತ್ತಿತ್ತು. ಅದು ಮಾತನ್ನು ಒಂದು ಕಡೆ, ಉಳಿದದ್ದನ್ನು ಇನ್ನೊಂದು ಕಡೆ ಮಾಡಿಕೊಟ್ಟಿತು. ಬು ಮಾತನ್ನು ಇಳಿಸಿಕೊಂಡು, ಹಳೆಯದನ್ನು ಅಳಿಸಿ ಅದರ ಜಾಗದಲ್ಲೇ ಇಟ್ಟರು. ಉಳಿದದ್ದನ್ನು ಮರುದಿನ ತಾಣವೇ ಅಳಿಸಿಹಾಕಿತು. ಪುಕ್ಕಟೆ ತಾಣಗಳ ರೀತಿಯೇ ಹಾಗೆ.

ಮಲ್‌ಸುನ್ ಮತ್ತೆ ಬಂದ ದಿನ ನಾನೂ ಅಲ್ಲಿದ್ದೆ.

"ನಿಮ್ಮಪ್ಪನ ದನಿ ಗಾಜಿನ ಹಾಗಿದೆ ಮಗಳೇ," ಎಂದರು ಬು. ಆಮೇಲೆ ಮೆಲ್ಲಗೆ, "ಅಮ್ಮಂದು ಮಾತ್ರ ಒಂದು ಮಾತೂ ಸಿಗಲಿಲ್ಲ. ತುಂಬ ಹುಡುಕಿದೆ."

ತಂದೆಯ ದನಿ ಕೋಣೆಯನ್ನು ತುಂಬಿತು. "ಅಣ್ಣಾ, ಈ ಸಲ ಬಾರ್ಲಿ ಚೆನ್ನಾಗಿ ಬಂದಿದೆ. ಮಲ್‌ಸುನ್ ಹಲ್ಲು ಬಿತ್ತು..." ನಡುವೆ ಮಾತು ನಿಂತಿತು. ಅಲೆಯಿಲ್ಲ, ಗಾಳಿಯಿಲ್ಲ. "ಹಾಂ, ಬಂದ್ಲು. ಏನ್ ಹೇಳ್ತಿದ್ದೆ?"

ಮಲ್‌ಸುನ್ ಕಂಪ್ಯೂಟರಿನತ್ತ ಬಗ್ಗಿದಳು. "ಸಾಮ್‌ಚುನ್, ಸಿಳ್ಳು ಎಲ್ಲಿ?"

"ಯಾವ ಸಿಳ್ಳು?"

"ಅಮ್ಮ ಮಾತಾಡಿಲ್ಲ ಸಾಮ್‌ಚುನ್. ಮುಳುಗ್ತಾ ಇದ್ಲು. ಮೇಲೆ ಬಂದು ಉಸಿರು ಬಿಡ್ತಾ ಇದ್ಲಲ್ಲ, ಅದು! ಅಪ್ಪ ಮಾತು ನಿಲ್ಲಿಸಿ ಕಾಯ್ತಿದ್ದಿದ್ದೇ ಅದಕ್ಕೆ."

ನೀರಿನಿಂದ ಮೇಲೆ ಬಂದ ಮುಳುಗುಗಾರ್ತಿ ಕಟ್ಟಿಹಿಡಿದ ಉಸಿರನ್ನು ಬಿಟ್ಟಾಗ ಸಿಳ್ಳಿನಂಥ ದನಿ ಹೊರಡುತ್ತದೆ. ಒಬ್ಬಳದು ಇನ್ನೊಬ್ಬಳದರ ಹಾಗಿರುವುದಿಲ್ಲ. ದಡದಲ್ಲಿ ಕೂತ ಮಕ್ಕಳು ತಂತಮ್ಮ ತಾಯಿಯ ಸಿಳ್ಳನ್ನು ಗುರುತು ಹಿಡಿಯುತ್ತಾರೆ. ಬು ಹುಟ್ಟಿದಂದಿನಿಂದ ಆ ದನಿಯನ್ನು ಕೇಳುತ್ತಲೇ ಬೆಳೆದವರು. ನಮಗೆಲ್ಲ ಅದು ಗಾಳಿಯಷ್ಟೇ ಸಹಜ. ಅದಕ್ಕೇ ಗಾಳಿ ಅಲೆಗಳ ನಡುವೆ ಅದು ಅವರಿಗೆ ಬೇರೆಯಾಗಿ ಕೇಳಿಸಿರಲಿಲ್ಲ.

"ಅದು ಕಸ ಅಂದ್ಕೊಂಡೆ ಮಗಳೇ," ಎಂದರು ಬು.

ಕ್ಯಾಸೆಟ್ಟನ್ನು ಪಟ್ಟಣಕ್ಕೆ ಒಯ್ದು ತೋರಿಸಿದರು. ಪಟ್ಟಿಯ ಮೇಲೆ ಏನೂ ಉಳಿದಿಲ್ಲ ಎಂದರು ಅಲ್ಲಿಯವರು. ಅಳಿಸಿದ್ದನ್ನು ಮರಳಿ ತರುವ ತಾಣಗಳನ್ನೆಲ್ಲ ಬು ಜಾಲಾಡಿದರು. ಜಗತ್ತಿನ ದನಿಗಳನ್ನು ಕೂಡಿಟ್ಟ ತಾಣವೊಂದರಲ್ಲಿ ನಮ್ಮ ದ್ವೀಪದ ಮುಳುಗುಗಾರ್ತಿಯರ ಸಿಳ್ಳುಗಳೂ ಸಿಕ್ಕವು. ಮಲ್‌ಸುನ್ ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು. "ಇವರೆಲ್ಲ ಯಾರದೋ ಅಮ್ಮಂದಿರು ಸಾಮ್‌ಚುನ್," ಎಂದು ಅವರ ಕೈ ಹಿಡಿದಳು. ಬೈಯಲಿಲ್ಲ. ಬೈದಿದ್ದರೆ ಅವರಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಬು ಕಡೆಯ ಪ್ರಯತ್ನವಾಗಿ ಕೇಳಿದರು: "ನಡುನಡುವೆ ಸುಮ್ಮನೆ ಖಾಲಿ ಇದೆಯಲ್ಲ, ಅದನ್ನ ಕತ್ತರಿಸಿ ಅಪ್ಪನ ಮಾತನ್ನಾದ್ರೂ ಸರಿಯಾಗಿ ಜೋಡಿಸಿಕೊಡ್ಲಾ?"

"ಅದನ್ನ ಮಾತ್ರ ಮುಟ್ಟಬೇಡಿ," ಎಂದಳು. "ಅಲ್ಲೇ ಅಮ್ಮ ಇರೋದು."

ಅದಾದ ಮೇಲೆ ಬು ಯಾರಿಗೂ ಹೊಸ ತಾಣವನ್ನು ತೋರಿಸಲಿಲ್ಲ. ಕಂಪ್ಯೂಟರನ್ನು ಹಿರಿಯರ ಮನೆಗೇ ಬಿಟ್ಟುಕೊಟ್ಟರು. ಪ್ರತಿ ವರ್ಷ ತಾಯಿಯ ತಿಥಿಯ ದಿನ ಮಲ್‌ಸುನ್ ಅಕ್ಕಿ ಕಡುಬು ತಂದು ಹಂಚಿ, ಆ ಕಂಪ್ಯೂಟರಿನಲ್ಲಿ ತಂದೆಯ ದನಿಯನ್ನು ಹಾಕುತ್ತಿದ್ದಳು. "ಮಲ್‌ಸುನ್ ಹಲ್ಲು ಬಿತ್ತು" ಎನ್ನುವಲ್ಲಿಗೆ ಸೊಂಗ್ ಅಜ್ಜಿ ಮಂಡಿ ನೀವುವುದನ್ನು ನಿಲ್ಲಿಸುತ್ತಿದ್ದಳು. ಅಲ್ಲಿದ್ದ ಮುದುಕಿಯರೆಲ್ಲ ಉಸಿರು ಕಟ್ಟಿ ಕಾಯುತ್ತಿದ್ದರು. ಬು ಮಾತ್ರ ಎದ್ದು, ಚಪ್ಪಲಿಯನ್ನೂ ಮೆಟ್ಟದೆ ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದರು. "ಹಾಂ, ಬಂದ್ಲು" ಎಂಬ ಮಾತು ಕೇಳಿದ ಮೇಲೇ ಒಳಗೆ ಬರುತ್ತಿದ್ದರು. ಸಾಯುವ ತನಕವೂ ಹಾಗೆಯೇ.